ನೆಪ ಮತ್ತು ಕಾರಣ: ಒಂದು ಲೆಕ್ಕಾಚಾರ



ಕನ್ನಡದಲ್ಲಿ ಒಂದು ಗಾದೆಯಿದೆ: ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಮನೆಯಲ್ಲಿ ದಾದಿ ಇದೇ ಮಾತನ್ನು ಉರ್ದುವಿನಲ್ಲಿ ಹೇಳುತ್ತಾರೆ: ನಾಚ್ ನ ಜಾನೇ, ಆಂಗನ್ ಟೇಢಾ. ಭಾಷೆ ಎರಡು, ಆದರೆ ಕುಣಿತವೂ ಒಂದೇ, ಡೊಂಕೂ ಒಂದೇ. ಕನ್ನಡದಲ್ಲಿ ನಾವು ಇದನ್ನು ‘ನೆಪ’ ಎನ್ನುತ್ತೇವೆ, ಮನೆಯಲ್ಲಿ ‘ಬಹಾನಾ’ ಎನ್ನುತ್ತೇವೆ. ಎಲ್ಲ ಭಾಷೆಯವರಿಗೂ ಈ ಗಾದೆ ಬೇಕಾಯಿತು ಎಂದರೆ ಈ ಅಭ್ಯಾಸ ಎಲ್ಲರಲ್ಲೂ ಇದೆ ಎಂದೇ ಅರ್ಥ.

ಹೊಸ ವರ್ಷ ಬಂದಾಗ, ಫಲಿತಾಂಶ ಬಂದಾಗ, ರಂಜಾನ್ ಮುಗಿದಾಗ ನಾವೆಲ್ಲರೂ ‘ಇನ್ನು ಮುಂದೆ ಬದಲಾಗುತ್ತೇನೆ’ ಎಂದು ತೀರ್ಮಾನ ಮಾಡುತ್ತೇವೆ. ಹತ್ತು ದಿನಗಳಲ್ಲಿ ಆ ತೀರ್ಮಾನ ಮಾಯವಾಗುತ್ತದೆ. ಅದು ಒಂದೇ ಏಟಿಗೆ ಸಾಯುವುದಿಲ್ಲ. ದಿನಕ್ಕೊಂದು ಸಣ್ಣ ನೆಪ ಅದನ್ನು ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸುತ್ತದೆ. ಆದ್ದರಿಂದ ನೆಪ ಎಂದರೇನು, ಅದನ್ನು ನಾವು ಏಕೆ ಹೇಳುತ್ತೇವೆ, ಅದರಿಂದ ಹೊರಬರುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಕಾರಣ ಬೇರೆ, ನೆಪ ಬೇರೆ

ಮೊದಲು ಒಂದು ನ್ಯಾಯದ ಮಾತು. ನಮ್ಮ ಕಷ್ಟಗಳೆಲ್ಲ ನೆಪಗಳಲ್ಲ. ನಮ್ಮ ತರಗತಿಗಳಲ್ಲಿ ಕಾಲೇಜು ಬಿಟ್ಟ ಮೇಲೆ ಅಬ್ಬಾನ ಅಂಗಡಿಯಲ್ಲಿ ರಾತ್ರಿಯವರೆಗೆ ನಿಲ್ಲುವವರಿದ್ದಾರೆ. ಮನೆಗೆ ಹೋದ ಕೂಡಲೇ ಅಡುಗೆ, ಪಾತ್ರೆ, ತಮ್ಮ ತಂಗಿಯರ ಕೆಲಸ ನೋಡಿಕೊಳ್ಳುವ ಹುಡುಗಿಯರಿದ್ದಾರೆ. ದಿನಕ್ಕೆ ಎರಡು ಬಸ್ಸು ಹಿಡಿದು ಬರುವವರಿದ್ದಾರೆ. ಇವರು ‘ಓದಲು ಸಮಯ ಸಾಲದು’ ಎಂದರೆ ಅದು ಸತ್ಯ. ಅದನ್ನು ನೆಪ ಎಂದು ಕರೆಯುವುದು ಅನ್ಯಾಯ.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ನೆಪ ಸುಳ್ಳೇ ಆಗಿರಬೇಕೆಂದಿಲ್ಲ. ಎಷ್ಟೋ ನೆಪಗಳು ಪೂರ್ತಿ ನಿಜವಾಗಿರುತ್ತವೆ. ವ್ಯತ್ಯಾಸ ಇರುವುದು ಆ ಮಾತು ಹೇಳಿದ ನಂತರ ನಾವು ಏನು ಮಾಡುತ್ತೇವೆ ಎಂಬುದರಲ್ಲಿ. ‘ಸಂಜೆ ಅಂಗಡಿಯಲ್ಲಿ ಇರಬೇಕು ಸರ್, ಆದ್ದರಿಂದ ಬೆಳಿಗ್ಗೆ ತರಗತಿಗೆ ಮುಂಚೆ ಲೈಬ್ರರಿಯಲ್ಲಿ ಕೂರಬಹುದೇ?’ ಎಂದು ಒಬ್ಬರು ಕೇಳಿದರೆ ಅದು ಕಾರಣ. ‘ಸಂಜೆ ಅಂಗಡಿಯಲ್ಲಿ ಇರಬೇಕು ಸರ್’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿ, ಅಂಗಡಿಗೆ ರಜೆ ಇರುವ ದಿನವೂ ಪುಸ್ತಕ ತೆಗೆಯದಿದ್ದರೆ ಅದೇ ಮಾತು ನೆಪವಾಗುತ್ತದೆ. ಕಾರಣ ಮುಂದಿನ ದಾರಿ ಹುಡುಕುತ್ತದೆ. ನೆಪ ಮಾತನ್ನು ಅಲ್ಲಿಗೇ ಮುಗಿಸುತ್ತದೆ.

ನಮ್ಮ ಮಾತು ಕಾರಣವೋ ನೆಪವೋ ಎಂದು ತಿಳಿಯಲು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

1. ಈ ಅಡ್ಡಿ ಇವತ್ತೇ ಹೋದರೆ ನಾನು ಇವತ್ತೇ ಕೆಲಸ ಶುರು ಮಾಡುತ್ತೇನೆಯೇ?

2. ನನಗೆ ಇಷ್ಟವಾದ ಕೆಲಸಕ್ಕೂ ಇದೇ ಅಡ್ಡಿ ಬರುತ್ತದೆಯೇ? (ಬ್ಯಾಲೆನ್ಸ್ ಶೀಟ್ ಬಿಡಿಸುವಾಗ ಬರುವ ತಲೆನೋವು ಕ್ರಿಕೆಟ್ ಮ್ಯಾಚ್ ನೋಡುವಾಗಲೂ ಬರುತ್ತದೆಯೇ?)

3. ಈ ಮಾತು ಹೇಳಿದ ಮೇಲೆ ಏನಾದರೂ ಮಾಡಲು ಹೊರಡುತ್ತೇನೆಯೋ, ಅಥವಾ ಸಮಾಧಾನವಾಗಿ ಕುಳಿತುಬಿಡುತ್ತೇನೆಯೋ?

ಉತ್ತರವನ್ನು ಬೇರೆ ಯಾರಿಗೂ ಹೇಳಬೇಕಾಗಿಲ್ಲ. ನಮಗೆ ನಾವು ಪ್ರಾಮಾಣಿಕವಾಗಿ ಹೇಳಿಕೊಂಡರೆ ಸಾಕು.

ನೆಪ ಎಂಬ ಸಸ್ಪೆನ್ಸ್ ಖಾತೆ

ವಾಣಿಜ್ಯ ವಿಭಾಗದವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ವಿಜ್ಞಾನ ಮತ್ತು ಕಲಾ ವಿಭಾಗದ ಗೆಳೆಯರು ಒಂದು ನಿಮಿಷ ತಾಳ್ಮೆಯಿಂದ ಓದಿ.

ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ಎಂಬ ಪಟ್ಟಿ ಇದೆ. ಅದರಲ್ಲಿ ಡೆಬಿಟ್ ಕಡೆಯ ಮೊತ್ತ ಮತ್ತು ಕ್ರೆಡಿಟ್ ಕಡೆಯ ಮೊತ್ತ ಸಮ ಬರಬೇಕು. ಡೆಬಿಟ್ 1,25,000 ರೂಪಾಯಿ, ಕ್ರೆಡಿಟ್ 1,20,000 ರೂಪಾಯಿ ಬಂದಿದೆ ಎಂದುಕೊಳ್ಳಿ. ಎಲ್ಲೋ ತಪ್ಪಾಗಿದೆ. ಹುಡುಕಲು ಸಮಯವಿಲ್ಲದಿದ್ದರೆ ವ್ಯತ್ಯಾಸದ 5,000 ರೂಪಾಯಿಯನ್ನು ತಾತ್ಕಾಲಿಕವಾಗಿ ಕ್ರೆಡಿಟ್ ಕಡೆ ‘ಸಸ್ಪೆನ್ಸ್ ಖಾತೆ’ ಎಂದು ಬರೆಯುತ್ತಾರೆ. ಈಗ ಎರಡೂ ಕಡೆ 1,25,000. ಪಟ್ಟಿ ನೋಡಲು ಚೆನ್ನಾಗಿದೆ. ಆದರೆ ತಪ್ಪು ಎಲ್ಲಿಗೂ ಹೋಗಿಲ್ಲ, ಲೆಕ್ಕಪುಸ್ತಕದ ಒಳಗೇ ಕುಳಿತಿದೆ. ಮಾರಾಟದ ಪುಸ್ತಕದ ಮೊತ್ತವನ್ನು 5,000 ಕಡಿಮೆ ಕೂಡಿಸಿದ್ದೇವೆ ಎಂದು ಕಂಡುಹಿಡಿದು ಸರಿಪಡಿಸಿದ ದಿನ ಮಾತ್ರ ಸಸ್ಪೆನ್ಸ್ ಖಾತೆ ಮುಚ್ಚುತ್ತದೆ.

ನೆಪವೂ ಹೀಗೆಯೇ. ಟೆಸ್ಟಿನಲ್ಲಿ 65 ಬರಬೇಕೆಂದುಕೊಂಡಿದ್ದೆವು, 42 ಬಂತು. 23 ಅಂಕಗಳ ವ್ಯತ್ಯಾಸ. ಆ ವ್ಯತ್ಯಾಸದ ಮುಂದೆ ‘ಪ್ರಶ್ನೆಪತ್ರಿಕೆ ಕಷ್ಟವಿತ್ತು’ ಎಂದು ಬರೆದುಬಿಟ್ಟರೆ ಮನಸ್ಸಿನ ಲೆಕ್ಕ ಸರಿಹೋಗುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ಆದರೆ ಆ 23 ಅಂಕ ಯಾವ ಅಧ್ಯಾಯದಲ್ಲಿ, ಯಾವ ಬಗೆಯ ಪ್ರಶ್ನೆಯಲ್ಲಿ ಹೋಯಿತು ಎಂದು ಯಾರೂ ಹುಡುಕಲಿಲ್ಲ. ಮುಂದಿನ ಟೆಸ್ಟಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ. ಸಸ್ಪೆನ್ಸ್ ಖಾತೆ ತೆರೆಯುವುದು ತಪ್ಪಲ್ಲ. ಅದನ್ನು ವರ್ಷಗಟ್ಟಲೆ ಮುಚ್ಚದೆ ಇಡುವುದು ತಪ್ಪು.

ನಾವು ನೆಪ ಹೇಳುವುದು ಏಕೆ?

ದೊಡ್ಡವರು ಸಾಮಾನ್ಯವಾಗಿ ಇದಕ್ಕೆ ‘ಸೋಮಾರಿತನ’ ಎಂದು ಒಂದೇ ಉತ್ತರ ಕೊಡುತ್ತಾರೆ. ಸ್ವಲ್ಪ ಮಟ್ಟಿಗೆ ಅದು ನಿಜವಿರಬಹುದು. ಆದರೆ ಮನೋವಿಜ್ಞಾನ ಇನ್ನೊಂದು ಉತ್ತರವನ್ನೂ ಕೊಡುತ್ತದೆ: ಭಯ.

1978ರಲ್ಲಿ ಅಮೆರಿಕದ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಬುದ್ಧಿ ಪರೀಕ್ಷೆಯ ಪ್ರಶ್ನೆಗಳನ್ನು ಕೊಡಲಾಯಿತು. ಒಂದು ಗುಂಪಿಗೆ ಕೊಟ್ಟ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರವೇ ಇರಲಿಲ್ಲ. ಆದರೂ ‘ನೀವು ಬಹಳ ಚೆನ್ನಾಗಿ ಮಾಡಿದ್ದೀರಿ’ ಎಂದು ಅವರಿಗೆ ಹೇಳಲಾಯಿತು. ಅವರು ಊಹೆಯಿಂದ ಉತ್ತರಿಸಿದ್ದರು, ಹೇಗೆ ಗೆದ್ದೆವು ಎಂಬುದು ಅವರಿಗೇ ಗೊತ್ತಿರಲಿಲ್ಲ. ಎರಡನೇ ಪರೀಕ್ಷೆಗೆ ಮುಂಚೆ ಎರಡು ಮಾತ್ರೆಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರು. ಒಂದು ಬುದ್ಧಿಯನ್ನು ಚುರುಕು ಮಾಡುತ್ತದೆ, ಇನ್ನೊಂದು ಮಂದ ಮಾಡುತ್ತದೆ ಎಂದು ತಿಳಿಸಲಾಗಿತ್ತು. ಎಲ್ಲರೂ ಚುರುಕು ಮಾಡುವ ಮಾತ್ರೆಯನ್ನೇ ಕೇಳುತ್ತಾರೆ ಎಂದು ನಮಗೆ ಅನಿಸುತ್ತದೆ. ಆದರೆ ಆ ಗುಂಪಿನ ಹುಡುಗರಲ್ಲಿ ಹೆಚ್ಚಿನವರು ಮಂದ ಮಾಡುವ ಮಾತ್ರೆಯನ್ನೇ ಆರಿಸಿಕೊಂಡರು! ಎರಡನೇ ಸಲ ಸೋತರೆ ‘ಮಾತ್ರೆಯಿಂದ ಹೀಗಾಯಿತು’ ಎನ್ನಬಹುದಲ್ಲ? ಸೋಲುವ ಮೊದಲೇ ಸೋಲಿಗೆ ನೆಪ ಸಿದ್ಧ ಮಾಡಿಕೊಳ್ಳುವ ಈ ಅಭ್ಯಾಸವನ್ನು ಮನೋವಿಜ್ಞಾನಿಗಳು ‘ಸೆಲ್ಫ್ ಹ್ಯಾಂಡಿಕ್ಯಾಪಿಂಗ್’ ಎನ್ನುತ್ತಾರೆ, ಅಂದರೆ ನಮ್ಮ ಕಾಲಿಗೆ ನಾವೇ ಹಗ್ಗ ಕಟ್ಟಿಕೊಳ್ಳುವುದು.

ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಪರೀಕ್ಷಾ ಕೊಠಡಿಯ ಹೊರಗೆ ಐದು ನಿಮಿಷ ನಿಂತರೆ ಸಾಕು. ‘ಏನೂ ಓದೇ ಇಲ್ಲ ಕಣೋ’, ‘ರಾತ್ರಿ ನಿದ್ದೆ ಬಂದುಬಿಟ್ಟಿತು ಕಣೇ’ ಎಂಬ ಮಾತುಗಳೇ ಕೇಳಿಸುತ್ತವೆ. ಓದಿ ಫೇಲಾದರೆ ‘ಇವನಿಗೆ ಬುದ್ಧಿ ಇಲ್ಲ’ ಎನ್ನುತ್ತಾರೆ. ಓದದೆ ಫೇಲಾದರೆ ‘ಬುದ್ಧಿವಂತ, ಆದರೆ ಓದುವುದಿಲ್ಲ’ ಎನ್ನುತ್ತಾರೆ. ಎರಡನೇ ಮಾತು ಕೇಳಲು ಹಿತ. ಆ ಹಿತಕ್ಕಾಗಿ ಎಷ್ಟೋ ಮಂದಿ ಪ್ರಯತ್ನವನ್ನೇ ಬಿಟ್ಟುಬಿಡುತ್ತಾರೆ. ಆದ್ದರಿಂದ ನೆಪದ ಹಿಂದೆ ಯಾವ ಭಯ ಅಡಗಿದೆ ಎಂದು ಹುಡುಕಬೇಕು. ಬರಿ ಬೈಗುಳದಿಂದ ಭಯ ಹೋಗುವುದಿಲ್ಲ.

ನಾವು ದಿನವೂ ಕೇಳುವ ನಾಲ್ಕು ನೆಪಗಳು

ಮೊದಲನೆಯದು ‘ಸಮಯ ಇಲ್ಲ’. ಇದಕ್ಕೆ ಸಾಕ್ಷಿ ನಮ್ಮ ಜೇಬಿನಲ್ಲೇ ಇದೆ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಜಿಟಲ್ ವೆಲ್‌ಬೀಯಿಂಗ್’ ಎಂಬ ಭಾಗವಿದೆ. ಇವತ್ತು ಯಾವ ಆ್ಯಪ್‌ಗೆ ಎಷ್ಟು ಹೊತ್ತು ಕೊಟ್ಟಿದ್ದೇವೆ ಎಂದು ಅದು ನಿಮಿಷದ ಲೆಕ್ಕದಲ್ಲಿ ಹೇಳುತ್ತದೆ. ಒಮ್ಮೆ ತೆರೆದು ನೋಡಿ. ಅದನ್ನು ನೋಡಿದ ಮೇಲೂ ‘ಸಮಯ ಇಲ್ಲ’ ಎನ್ನಬಹುದಾದರೆ ನಿಮ್ಮದು ನಿಜವಾದ ಕಾರಣ.

ಎರಡನೆಯದು ‘ನಾಳೆ’. ಹಿಂದೆ ನಮ್ಮ ಕಡೆ ಕೆಲವರು ರಾತ್ರಿ ದೆವ್ವ ಬಂದು ಬಾಗಿಲು ತಟ್ಟಬಾರದೆಂದು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ನಾವು ದೆವ್ವಕ್ಕೆ ಹೇಳಬೇಕಾದದ್ದನ್ನು ಪುಸ್ತಕಕ್ಕೆ ಹೇಳುತ್ತಿದ್ದೇವೆ. ಈಗ ‘ನಾಳೆ’ಗೆ ಒಂದು ಹೊಸ ಹೆಸರೂ ಸಿಕ್ಕಿದೆ: ‘ಎಕ್ಸಾಮ್ ಟೂ’. ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಕಾಯಿಲೆಯಾದವರಿಗೆ, ಒಂದು ವಿಷಯದಲ್ಲಿ ಎಡವಿದವರಿಗೆ ವರ್ಷ ವ್ಯರ್ಥವಾಗದಿರಲಿ ಎಂದು ಕೊಟ್ಟ ಒಳ್ಳೆಯ ಅವಕಾಶ ಅದು. ಆದರೆ ‘ಎರಡನೆಯದು ಇದೆಯಲ್ಲ’ ಎಂದು ಮೊದಲನೆಯದಕ್ಕೆ ಓದದಿದ್ದರೆ, ಎರಡನೆಯದು ಬಂದಾಗಲೂ ಇನ್ನೊಂದು ನೆಪ ಸಿದ್ಧವಾಗಿರುತ್ತದೆ.

‘ನಾಳೆ’ ನಮ್ಮನ್ನು ಮೋಸ ಮಾಡಲು ಇನ್ನೊಂದು ಕಾರಣವೂ ಇದೆ. ನಾಳೆ ಎಲ್ಲವೂ ಬೇಗ ಮುಗಿಯುತ್ತದೆ ಎಂದು ನಾವು ನಂಬುತ್ತೇವೆ. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ‘ಎಷ್ಟು ದಿನದಲ್ಲಿ ಮುಗಿಸುತ್ತೀರಿ?’ ಎಂದು ಕೇಳಿದರು. ಅವರ ಅಂದಾಜು ಸರಾಸರಿ 34 ದಿನ. ನಿಜಕ್ಕೂ ಬೇಕಾದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಆದ್ದರಿಂದ ‘ಎರಡು ದಿನದ ಕೆಲಸ ಅಷ್ಟೇ’ ಎಂದು ನಮಗೆ ಅನಿಸಿದರೆ ಮೂರು ದಿನಕ್ಕಿಂತ ಹೆಚ್ಚೇ ಇಟ್ಟುಕೊಳ್ಳುವುದು ಜಾಣತನ.

ಮೂರನೆಯದು ನಮ್ಮ ಕಾಲೇಜಿನಲ್ಲಿ ಹೆಚ್ಚು ಕೇಳಿಬರುವ ಮಾತು: ‘ನಮ್ಮ ಮನೆ ಭಾಷೆ ಉರ್ದು, ನಮಗೆ ಕನ್ನಡ ಬರೆಯಲು ಬರುವುದಿಲ್ಲ’. ಇದರಲ್ಲಿ ಸತ್ಯ ಇದೆ. ಉರ್ದುವಿನಲ್ಲಿ ‘ಳ’ ಇಲ್ಲ, ‘ಣ’ವನ್ನು ನಾವು ಮನೆಯಲ್ಲಿ ಬಳಸುವುದಿಲ್ಲ. ಆದ್ದರಿಂದ ‘ಹಳ್ಳಿ’ ಬರೆಯಲು ಹೋಗಿ ‘ಹಲ್ಲಿ’ ಬರೆಯುವುದು, ‘ಕಳೆ’ ಎನ್ನಲು ಹೋಗಿ ‘ಕಲೆ’ ಎನ್ನುವುದು ನಮ್ಮಲ್ಲಿ ಸಹಜ. ಇಷ್ಟನ್ನು ಕಾರಣ ಎಂದು ಒಪ್ಪೋಣ. ಆದರೆ ಕಾರಣವಾದರೆ ಅದಕ್ಕೆ ದಾರಿಯೂ ಇರಬೇಕಲ್ಲ? ದಿನಕ್ಕೆ ಹತ್ತು ಪದಗಳ ಉಕ್ತಲೇಖನ, ವಾರಕ್ಕೆ ಎರಡು ದಿನ ಕನ್ನಡ ಪತ್ರಿಕೆಯ ಒಂದು ಸುದ್ದಿಯನ್ನು ಗಟ್ಟಿಯಾಗಿ ಓದುವುದು, ಇಷ್ಟು ಮಾಡಿದರೂ ಮೂರು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

ನಮ್ಮ ಮುಂದೆ ಉದಾಹರಣೆಗಳೂ ಇವೆ. ಹಾಸನದ ಬಾನು ಮುಷ್ತಾಕ್ ಅವರ ಮನೆಮಾತು ಉರ್ದುವೇ. ಎಂಟು ವರ್ಷದವರಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಿದರು. ಆರು ತಿಂಗಳಲ್ಲಿ ಕನ್ನಡ ಓದಲು, ಬರೆಯಲು ಕಲಿಯಬೇಕು ಎಂಬುದು ಶಾಲೆಯ ಷರತ್ತಾಗಿತ್ತು. ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಅದೇ ಕನ್ನಡದಲ್ಲಿ ಅವರು ಬರೆದ ಕಥೆಗಳನ್ನು ದೀಪಾ ಭಾಸ್ತಿ ಅವರು ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ಅನುವಾದಿಸಿದರು. 2025ರಲ್ಲಿ ಆ ಪುಸ್ತಕಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ‘ನಿತ್ಯೋತ್ಸವ’ದ ಕವಿ ಕೆ. ಎಸ್. ನಿಸಾರ್ ಅಹಮದ್ ಅವರು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಭೂವಿಜ್ಞಾನ, ಬರೆದದ್ದು ಕನ್ನಡ ಕವಿತೆ. ನಾವೆಲ್ಲರೂ ಅವರಂತೆ ಸಾಹಿತಿಗಳಾಗಬೇಕಿಲ್ಲ. ಆದರೆ ಮನೆಮಾತು ಉರ್ದುವಾಗಿರುವುದು ಕನ್ನಡ ಕಲಿಯಲು ಬೀಗ ಹಾಕಿದ ಬಾಗಿಲಲ್ಲ ಎಂದು ಅವರಿಂದ ತಿಳಿಯುತ್ತದೆ. ಎರಡು ಭಾಷೆ ಗೊತ್ತಿರುವುದು ನಮ್ಮ ಖಾತೆಯಲ್ಲಿ ಆಸ್ತಿ, ಸಾಲ ಅಲ್ಲ.

ನಾಲ್ಕನೆಯದನ್ನು ಸ್ವಲ್ಪ ಹಿಂಜರಿಕೆಯಿಂದಲೇ ಬರೆಯುತ್ತಿದ್ದೇನೆ. ‘ನಾಳೆ ಅಸೈನ್‌ಮೆಂಟ್ ತರುತ್ತೀಯಾ?’ ಎಂದರೆ ‘ಇನ್ಶಾ ಅಲ್ಲಾಹ್’ ಎನ್ನುತ್ತೇವೆ. ಅಲ್ಲಾಹನು ಬಯಸಿದರೆ ಎಂಬ ಈ ಮಾತು ವಿನಯದ ಮಾತು. ನಾನು ನನ್ನ ಕೈಲಾದದ್ದೆಲ್ಲ ಮಾಡುತ್ತೇನೆ, ಫಲ ನನ್ನ ಕೈಯಲ್ಲಿಲ್ಲ ಎಂದು ಅದರ ಅರ್ಥ. ‘ಬಹುಶಃ ತರುವುದಿಲ್ಲ’ ಎಂಬುದನ್ನು ನಯವಾಗಿ ಹೇಳಲು ಅದನ್ನು ಬಳಸಿದರೆ ಒಳ್ಳೆಯ ಮಾತಿನ ಬೆಲೆಯನ್ನು ನಾವೇ ಇಳಿಸಿದಂತೆ. ಹೇಳಿದ ಮೇಲೆ ಮಾಡೋಣ, ಮಾಡುವ ಮನಸ್ಸಿಲ್ಲದಿದ್ದರೆ ‘ಆಗುವುದಿಲ್ಲ ಸರ್’ ಎಂದು ನೇರವಾಗಿ ಹೇಳೋಣ.

ರಂಜಾನ್ ತೋರಿಸುವ ದಾರಿ

‘ನನಗೆ ಬೆಳಿಗ್ಗೆ ಬೇಗ ಏಳಲು ಆಗುವುದೇ ಇಲ್ಲ’ ಎನ್ನುವವರೇ ರಂಜಾನ್ ತಿಂಗಳಲ್ಲಿ ನಾಲ್ಕು ಗಂಟೆಯ ಸುಮಾರಿಗೆ ಸಹರಿಗೆ ಎದ್ದು ಕೂರುತ್ತಾರೆ. ದೇಹ ಅದೇ, ಹಾಸಿಗೆ ಅದೇ, ಅಲಾರಂ ಕೂಡ ಅದೇ. ಹಾಗಾದರೆ ಬದಲಾದದ್ದು ಏನು?

ಶ್ರದ್ಧೆ ಮೊದಲ ಉತ್ತರ, ಅದರಲ್ಲಿ ಅನುಮಾನವಿಲ್ಲ. ಅದರ ಜೊತೆಗೆ ಇನ್ನೂ ಕೆಲವು ಸಂಗತಿಗಳಿವೆ. ಒಂದು, ಸಮಯ ಖಚಿತವಾಗಿದೆ. ಸಹರಿ ಮುಗಿಯುವ ವೇಳೆ ನಿಮಿಷದ ಲೆಕ್ಕದಲ್ಲಿ ಪಟ್ಟಿಯಲ್ಲಿ ಬರೆದಿರುತ್ತದೆ, ‘ಇನ್ನೊಂದು ಸ್ವಲ್ಪ ಹೊತ್ತು’ ಎಂಬ ಮಾತಿಗೆ ಜಾಗವಿಲ್ಲ. ಎರಡು, ಮನೆಯವರೆಲ್ಲ ಎದ್ದಿರುತ್ತಾರೆ, ನಾವು ಒಂಟಿಯಲ್ಲ. ಮೂರು, ಅಮ್ಮಿ ರಾತ್ರಿಯೇ ಅರ್ಧ ತಯಾರಿ ಮಾಡಿ ಇಟ್ಟಿರುತ್ತಾರೆ. ನಾಲ್ಕು, ಏಳಬೇಕೋ ಬೇಡವೋ ಎಂದು ಆ ಹೊತ್ತಿನಲ್ಲಿ ಯಾರೂ ಚರ್ಚೆ ಮಾಡುವುದಿಲ್ಲ, ತೀರ್ಮಾನ ಮೊದಲೇ ಆಗಿರುತ್ತದೆ.

ಅಂದರೆ ನಮ್ಮಲ್ಲಿ ಶಕ್ತಿಯ ಕೊರತೆ ಇಲ್ಲ. ಕೊರತೆ ಇರುವುದು ಏರ್ಪಾಡಿನಲ್ಲಿ. ಖಚಿತ ಸಮಯ, ಜೊತೆಗಾರರು, ಮುಂಚಿನ ತಯಾರಿ, ಮೊದಲೇ ಆದ ತೀರ್ಮಾನ, ಈ ನಾಲ್ಕನ್ನು ಓದಿಗೆ, ವ್ಯಾಯಾಮಕ್ಕೆ, ಕೆಟ್ಟ ಅಭ್ಯಾಸ ಬಿಡುವುದಕ್ಕೆ ಕೂಡ ಬಳಸಬಹುದು.

ಹಾಗಾದರೆ ಮಾಡುವುದೇನು?

ಮೊದಲು, ಏಳು ದಿನ ಒಂದು ನೆಪದ ಪುಸ್ತಕ ಇಡಿ. ಅಂಗಡಿಯವರು ಚಿಲ್ಲರೆ ಖರ್ಚನ್ನೂ ಬರೆದಿಡುವಂತೆ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ: ದಿನಾಂಕ, ಮಾಡಬೇಕಿದ್ದ ಕೆಲಸ, ಹೇಳಿದ ಮಾತು, ನಿಜವಾದ ಅಡ್ಡಿ. ಮೂರನೇ ಕಾಲಂನಲ್ಲಿ ‘ತಲೆನೋವು’ ಎಂದಿದ್ದು ನಾಲ್ಕನೆಯದರಲ್ಲಿ ‘ಆ ಅಧ್ಯಾಯ ಅರ್ಥವಾಗಿಲ್ಲ, ಕೇಳಲು ನಾಚಿಕೆ’ ಎಂದು ಬರಬಹುದು. ಅದನ್ನು ಬರೆದ ಕೂಡಲೇ ಔಷಧಿಯೂ ಕಾಣುತ್ತದೆ: ಉಪನ್ಯಾಸಕರ ಬಳಿ ಹೋಗಿ ಕೇಳುವುದು. ಏಳು ದಿನಗಳ ಕೊನೆಗೆ ಒಂದೇ ನೆಪ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಹೆಚ್ಚು ಸಲ ಬಂದದ್ದರಿಂದ ಶುರು ಮಾಡಿ.

ಎರಡನೆಯದಾಗಿ, ‘ಓದುತ್ತೇನೆ’ ಎನ್ನುವ ಬದಲು ಯಾವಾಗ, ಎಲ್ಲಿ, ಏನು ಎಂದು ಬರೆಯಿರಿ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ ಮತ್ತು ಅವರ ಜೊತೆಗಾರರು 1997ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆಯುವ ಕೆಲಸ ಕೊಟ್ಟಿದ್ದರು. ಎಲ್ಲಿ, ಯಾವಾಗ ಬರೆಯುತ್ತೇನೆ ಎಂದು ಮೊದಲೇ ಗೊತ್ತು ಮಾಡಿಕೊಂಡವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಹೊತ್ತಿಗೆ ಸರಿಯಾಗಿ ಮುಗಿಸಿದರು. ಹಾಗೆ ಮಾಡದವರಲ್ಲಿ ಮುಗಿಸಿದವರು ಸುಮಾರು ಮೂರನೇ ಒಂದು ಪಾಲು ಮಾತ್ರ. ನಾವೂ ‘ಮಗ್ರಿಬ್ ನಮಾಜ್ ಮುಗಿದ ಕೂಡಲೇ, ಹಾಲಿನ ಮೇಜಿನ ಮೇಲೆ, 20 ನಿಮಿಷ ಅಕೌಂಟೆನ್ಸಿ ಲೆಕ್ಕ’ ಎಂದು ಬರೆದಿಡಬಹುದು. ಅಡ್ಡಿಗೂ ಉತ್ತರ ಸಿದ್ಧವಿರಲಿ: ‘ನೆಂಟರು ಬಂದರೆ, ಇಶಾ ನಂತರ 20 ನಿಮಿಷ’.

ಮೂರನೆಯದಾಗಿ, ಸಣ್ಣದಾಗಿ ಶುರು ಮಾಡಿ. 20 ನಿಮಿಷ ಏನು ಮಹಾ ಎನಿಸಬಹುದು. ವಾರಕ್ಕೆ ಆರು ದಿನ, 30 ವಾರ ಲೆಕ್ಕ ಹಾಕಿ: 3,600 ನಿಮಿಷ, ಅಂದರೆ 60 ಗಂಟೆ. ‘ದಿನಕ್ಕೆ ಐದು ಗಂಟೆ ಓದುತ್ತೇನೆ’ ಎಂದು ಶಪಥ ಮಾಡಿ ನಾಲ್ಕನೇ ದಿನ ಬಿಟ್ಟವರ ಖಾತೆಯಲ್ಲಿ ಇರುವುದು 15 ಗಂಟೆ ಮಾತ್ರ.

ನಾಲ್ಕನೆಯದಾಗಿ, ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಿ. ‘ಹೇಗೂ ನಿನ್ನೆ ತಪ್ಪಿತು, ಇನ್ನು ಸೋಮವಾರದಿಂದ ಮಾಡೋಣ’ ಎಂಬುದೇ ಎಲ್ಲಕ್ಕಿಂತ ಅಪಾಯದ ನೆಪ. ಲಂಡನ್ನಿನ ಫಿಲಿಪಾ ಲಾಲಿ ಮತ್ತು ಜೊತೆಗಾರರು 96 ಜನರನ್ನು ಗಮನಿಸಿ, ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಎಷ್ಟು ದಿನ ಬೇಕು ಎಂದು ಲೆಕ್ಕ ಹಾಕಿದರು. ಸರಾಸರಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಇನ್ನು ಕೆಲವರಿಗೆ 254 ದಿನದವರೆಗೂ ಬೇಕು ಎಂದು ಕಂಡಿತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಆದ್ದರಿಂದ ಹತ್ತು ದಿನದಲ್ಲಿ ಬದಲಾವಣೆ ಕಾಣಲಿಲ್ಲ ಎಂದು ಕೈಬಿಡಬೇಡಿ.

ಉಪನ್ಯಾಸಕರಲ್ಲಿ ಒಂದು ವಿನಂತಿ

ನಾವು ಏನಾದರೂ ಅಡ್ಡಿ ಹೇಳಿದಾಗ ‘ನೆಪ ಹೇಳಬೇಡ’ ಎಂದು ಗದರಿದರೆ ಮುಂದಿನ ಸಲ ಇನ್ನೂ ಚೆನ್ನಾದ ನೆಪ ತರುವುದನ್ನು ಕಲಿಯುತ್ತೇವೆ, ಅಷ್ಟೇ. ಅದರ ಬದಲು ‘ಸರಿ, ಹಾಗಾದರೆ ಮುಂದೇನು ಮಾಡುತ್ತೀಯ?’ ಎಂದು ಕೇಳಿ. ನಿಜವಾದ ಕಷ್ಟ ಇರುವವರಿಗೆ ಆ ಪ್ರಶ್ನೆಯಿಂದ ಸಹಾಯ ಸಿಗುತ್ತದೆ. ನೆಪ ಹೇಳುವವರಿಗೆ ಮಾತು ಮುಗಿಸುವ ದಾರಿ ಮುಚ್ಚುತ್ತದೆ. ಇದೇ ಪ್ರಶ್ನೆಯನ್ನು ನಾವು ಗೆಳೆಯರು ಕೂಡ ಒಬ್ಬರನ್ನೊಬ್ಬರು ಕೇಳಿಕೊಳ್ಳಬಹುದು.

ಕೊನೆಯ ಮಾತು

ಗೆಳೆಯರೇ, ನಾವು ಹುಟ್ಟಿದ ಮನೆ, ಮನೆಯ ಆದಾಯ, ಕಲಿತ ಶಾಲೆ, ಇವುಗಳಲ್ಲಿ ಹಲವು ನಮ್ಮ ಕೈಯಲ್ಲಿಲ್ಲ. ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿಯೇ ಇರುತ್ತದೆ. ಅದನ್ನು ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಹೇಳಿದ ನಂತರ ಒಂದು ಹೆಜ್ಜೆ ಇಡಬೇಕು. ಇವತ್ತು ಮನೆಗೆ ಹೋದ ಮೇಲೆ ಒಂದು ಹಳೆಯ ನೋಟ್‌ಬುಕ್ ತೆಗೆದು ನಾಲ್ಕು ಗೆರೆ ಎಳೆಯೋಣ. ಬಹಳ ದಿನಗಳಿಂದ ತೆರೆದಿಟ್ಟಿರುವ ಒಂದು ಸಸ್ಪೆನ್ಸ್ ಖಾತೆಯನ್ನಾದರೂ ಈ ತಿಂಗಳು ಮುಚ್ಚೋಣ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ